ಚಿಕ್ಕಮ್ಮನ ಅಂಗೈಗೊಂದು ಒರಟು ಲೋಟ

ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವರ ಕಷ್ಟ ಪರೀಕ್ಷೆ ಬರೆಯುವವರಿಗೆ ತಿಳಿಯುವುದಿಲ್ಲ. ಅವರಿಗೆ ಮೂರು ಗಂಟೆ ಸಾಲುವುದಿಲ್ಲ. ನಮಗೆ ಅದು ಮುಗಿಯುವುದೇ ಇಲ್ಲ. ಮೊಬೈಲು ಹೊರಗಿಟ್ಟು ಬರಬೇಕು, ಪುಸ್ತಕ ಬಿಡಿಸುವಂತಿಲ್ಲ, ಕೂತರೆ ನಿದ್ದೆ, ನಿಂತರೆ ಮಂಡಿನೋವು. ಎರಡು ತಿಂಗಳ ಹಿಂದೆ ಕೊಪ್ಪದಿಂದ ಶೃಂಗೇರಿಗೆ ಅಂಥದೊಂದು ಕೆಲಸಕ್ಕೆ ಹೋಗಿದ್ದೆ. ಉತ್ತರಪತ್ರಿಕೆ ಹಂಚಿ, ಸಹಿ ಹಾಕಿ, ಕನ್ನಡಕ ಒರೆಸೋಣವೆಂದು ಅದರ ಡಬ್ಬಿ ತೆರೆದರೆ ಬಟ್ಟೆಯ ಅಡಿಯಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಬಿಸ್ಕತ್ತಿನಷ್ಟಗಲದ ಸುಟ್ಟ ಮಣ್ಣಿನ ಬಿಲ್ಲೆ. ಹಿಂದುಗಡೆ ನನ್ನದೇ ಅಕ್ಷರದಲ್ಲಿ ೩೧ ಎಂದು ಗೀಚಿತ್ತು.

ಮೂವತ್ತೊಂದು! ಕೂಗಿಬಿಡುವುದೊಂದು ಬಾಕಿ. ನಾಲ್ಕು ತಿಂಗಳಿಂದ ಈ ಬಿಲ್ಲೆಗಾಗಿ ಮನೆಯ ಮೂಲೆಮೂಲೆ ಜಾಲಾಡಿದ್ದೆ. ನನ್ನ ಗಂಡ ಶ್ರೀಧರ ಅದನ್ನು ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಿರಬೇಕೆಂದು ಅನುಮಾನಿಸಿ, ಎರಡು ದಿನ ಮಾತು ಬಿಟ್ಟದ್ದೂ ಆಗಿತ್ತು. ಅದು ನೋಡಿದರೆ ನನ್ನ ಕನ್ನಡಕದ ಜೊತೆಗೇ ಊರೂರು ತಿರುಗುತ್ತಿತ್ತು!

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ಬಿಲ್ಲೆಯ ಮುಖ ತಿರುಗಿಸಿ ನೋಡಿದೆ. ಮೈತುಂಬ ಸಣ್ಣ ಸಣ್ಣ ಗುಳ್ಳೆಗಳು, ಸರಿ. ಆದರೆ ಬಣ್ಣ? ನನ್ನ ನೆನಪಿನ ಮೂವತ್ತೊಂದು ಬೂದು ಬಣ್ಣದ್ದು. ಯಾರಾದರೂ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ. ಕೈಯಲ್ಲಿದ್ದದ್ದು ಹಸಿರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಸಿರೇ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಪೆನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹೆಬ್ಬೆರಳಿನಿಂದ ಉಜ್ಜುತ್ತಾ ಗಂಭೀರವಾಗಿ ನಡೆದೆ.

ನಾನು ಪಾಠ ಮಾಡುವುದು ಇತಿಹಾಸ. ಮೂಲ ಆಕರವಿಲ್ಲದೆ ಏನನ್ನೂ ನಂಬಬಾರದೆಂದು ವರ್ಷಕ್ಕೆ ನೂರು ಸಲ ಹೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಓದುವಾಗಿನಿಂದ ತಪ್ಪದೆ ದಿನಚರಿ ಬರೆಯುತ್ತೇನೆ. ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ ಎಂಬ ಕಾರಣಕ್ಕೇ ಬರೆಯುತ್ತೇನೆ. ಆದರೂ ನಾನೇ ಮಾಡಿದ, ನಾಲ್ಕೇ ತಿಂಗಳ ಹಿಂದಿನ ಬಿಲ್ಲೆಯ ಬಣ್ಣ ನನಗೆ ತಪ್ಪಾಗಿ ನೆನಪಿತ್ತು. ಹಾಗಾದರೆ ಬಾಲ್ಯದ ಬಗ್ಗೆ ನಾನು ನಂಬಿಕೊಂಡಿರುವುದೆಲ್ಲ ಯಾವ ಬಣ್ಣದ್ದೋ!

ಈ ಬಿಲ್ಲೆಯ ಸಮಾಚಾರ ನಿಮಗೆ ತಿಳಿಯಬೇಕಾದರೆ ನನ್ನ ಹುಚ್ಚಿನ ವಿಷಯ ಹೇಳಬೇಕು. ನಲವತ್ತೆಂಟನೆಯ ವಯಸ್ಸಿಗೆ ನಾನು ಮಣ್ಣು ಕಲಸಲು ಕೂತೆ. ಯಾಕೆ ಎಂದು ಕೇಳಬೇಡಿ. ಒಂದು ರಜೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಹೋದವಳು, ತಿರುಗುವ ಚಕ್ರದ ಮೇಲೆ ಮಣ್ಣು ಎರಡು ಅಂಗೈ ನಡುವೆ ಎದ್ದು ನಿಂತಾಗ ಆದ ಪುಳಕವನ್ನು ಇಳಿಸಿಕೊಳ್ಳಲಾರದೆ ಮನೆಗೇ ಹೊತ್ತು ತಂದೆ. ನಮ್ಮ ಕಾರಿನ ಶೆಡ್ಡಿಗೆ ಚಕ್ರ ಬಂತು, ಆಮೇಲೆ ಮಣ್ಣು ಸುಡುವ ಕರೆಂಟಿನ ಗೂಡು ಬಂತು, ಕಾರು ರಸ್ತೆಗೆ ಹೋಯಿತು. ಗೂಡು ಬಾಳೆಹೊನ್ನೂರಿನ ತನಕ ಲಾರಿಯಲ್ಲಿ ಬಂದು ಅಲ್ಲಿಂದ ಜೀಪಿನಲ್ಲಿ ಕೊಪ್ಪಕ್ಕೆ ಬಂದಿತ್ತು. ಇಳಿಸಲು ಕೈಕೊಟ್ಟ ಪಕ್ಕದ ಮನೆಯವರು ಅದರ ಸುತ್ತ ಒಂದು ಸುತ್ತು ಬಂದು, ಮುಚ್ಚಳ ಎತ್ತಿ ನೋಡಿ ಕೇಳಿದರು.

"ಎಷ್ಟು ಮೂಟೆ ಹಿಡೀತದೆ ಮೇಡಮ್ಮೋರೆ?"

"ಎಂಥ ಮೂಟೆ?"

"ಅಡಿಕೆದು. ಡ್ರೈಯರ್ ಅಲ್ವಾ ಇದು?"

"ಅಲ್ಲ. ಲೋಟ ಸುಡೋದು."

"ಲೋಟ ಸುಡೋದಾ?" ಅವರು ಮುಚ್ಚಳ ಮೆಲ್ಲಗೆ ಇಳಿಸಿ, "ಎಂತಕ್ಕೆ?" ಎಂದರು.

ನಾನು ಅವರನ್ನು ಕಾಫಿಗೆ ಕರೆದೆ.

ಮಣ್ಣಿನ ಪಾತ್ರೆ ಮಾಡುವುದು ಅರ್ಧ ಸಂತೋಷ. ಉಳಿದರ್ಧ, ನಿಜ ಹೇಳಬೇಕೆಂದರೆ ಮುಕ್ಕಾಲು, ಇರುವುದು ಗ್ಲೇಜ್ ಕಲಸುವುದರಲ್ಲಿ. ಗ್ಲೇಜ್ ಅಂದರೆ ಪಾತ್ರೆಗೆ ತೊಡಿಸುವ ಗಾಜಿನ ಅಂಗಿ. ಕಲ್ಲಿನ ಪುಡಿ, ಬಿಳಿ ಜೇಡಿ, ಬೂದಿ ಇಂಥವನ್ನು ನೀರಲ್ಲಿ ಕಲಸಿ, ಒಮ್ಮೆ ಸುಟ್ಟ ಲೋಟವನ್ನು ಅದರಲ್ಲಿ ಅದ್ದಿ ತೆಗೆದರೆ ಹಿಟ್ಟು ಮೆತ್ತಿಕೊಂಡ ಹಾಗೆ ಕೂರುತ್ತದೆ. ಮತ್ತೆ ಗೂಡಿಗಿಟ್ಟು ಕಾಯಿಸಿದರೆ ಕರಗಿ ಗಾಜಾಗುತ್ತದೆ. ನಯವಾದ ಗ್ಲೇಜಿಗೆ ನೀರ್ದೋಸೆ ಹಿಟ್ಟಿನ ಹದ, ಒರಟಿನದಕ್ಕೆ ಉದ್ದಿನ ದೋಸೆಯ ಹದ. ಇದು ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಸೌಟು ಹಿಡಿದ ಕೈ ಹೇಳಿಕೊಟ್ಟದ್ದು.

ಒರಟು ಗ್ಲೇಜಿನ ಮಜವೇ ಬೇರೆ. ಬಿರಿಯುವುದು, ಸುರುಟುವುದು, ಗುಳ್ಳೆ ಏಳುವುದು, ಇವೆಲ್ಲ ನಯದ ಗ್ಲೇಜಿನಲ್ಲಿ ದೋಷಗಳು. ಕುಂಬಾರರು ಹಣೆ ಚಚ್ಚಿಕೊಳ್ಳುವಂಥವು. ಒರಟಿನಲ್ಲಿ ಅವನ್ನೇ ಕರೆದು ಕೂರಿಸಬೇಕು. ಕೂರಿಸಿ, ಇಷ್ಟೇ ಬಿರಿ, ಇಷ್ಟೇ ಸುರುಟು, ಇದಕ್ಕಿಂತ ಹೆಚ್ಚು ಬೇಡ ಎನ್ನಬೇಕು. ಮಾತು ಕೇಳದ ಮಗುವಿಗೆ ಲೆಕ್ಕದಲ್ಲಿ ತುಂಟತನ ಮಾಡು ಎಂದು ಕಲಿಸಿದ ಹಾಗೆ. ಒಮ್ಮೆ ಮರದ ತೊಗಟೆಯ ಮೇಲಿನ ಕಲ್ಲುಹೂವಿನಂತೆ ಚೂರುಚೂರಾಗಿ ಅರಳುತ್ತದೆ, ಇನ್ನೊಮ್ಮೆ ಸೀದ ಹಾಲಿನ ಪಾತ್ರೆಯಂತೆ ಕಾಣುತ್ತದೆ. ಗೂಡು ತಣ್ಣಗಾಗಲು ಒಂದು ಹಗಲು ಬೇಕು. ಆ ಹಗಲೆಲ್ಲ ನಾನು ಶೆಡ್ಡಿನ ಬಾಗಿಲಲ್ಲಿ ಓಡಾಡುವುದನ್ನು ನೋಡಿ ಶ್ರೀಧರ, "ಹೆರಿಗೆ ಆಸ್ಪತ್ರೆ ಹೊರಗೆ ನಾನು ಇಷ್ಟು ಓಡಾಡಿರಲಿಲ್ಲ ಮಾರಾಯ್ತಿ" ಎನ್ನುತ್ತಾನೆ. ಅವನು ಆ ದಿನ ಊರಲ್ಲೇ ಇರಲಿಲ್ಲ ಎಂದು ನನ್ನ ದಿನಚರಿ ಹೇಳುತ್ತದೆ. ಇರಲಿ.

ಹೀಗೆ ಸುಮ್ಮನೆ ಆಡಿಕೊಂಡಿದ್ದವಳಿಗೆ ಒಂದು ದಿನ ನಿಜವಾದ ಕೆಲಸ ಸಿಕ್ಕಿತು.

ನರಸಿಂಹರಾಜಪುರದಲ್ಲಿ ನನ್ನ ಗೌರಿ ಚಿಕ್ಕಮ್ಮ ಇದ್ದಾಳೆ. ಅಮ್ಮನ ತಂಗಿ. ಎಪ್ಪತ್ತೆಂಟು ವರ್ಷ. ಮಗ ನಾಗರಾಜ, ಸೊಸೆ ವೀಣಾ ಜೊತೆಗೆ ಪೇಟೆಯ ಮನೆಯಲ್ಲಿ ವಾಸ. ತೋಟ ಇರುವುದು ಸೀತೂರಿನಲ್ಲಿ. ಚಿಕ್ಕಮ್ಮನ ಬಾಯಿ ಇಂದಿಗೂ ಗಟ್ಟಿ, ಕಣ್ಣು ಗಟ್ಟಿ. ಕೈ ಮಾತ್ರ ಎರಡು ವರ್ಷದಿಂದ ಕೈಕೊಟ್ಟಿದೆ. ಸಕ್ಕರೆ ಕಾಯಿಲೆ ಮೊದಲು ಕಾಲಿನ ಬೆರಳುಗಳ ಅರಿವು ತೆಗೆಯಿತು, ಆಮೇಲೆ ಕೈಯದು. ಸ್ಟೀಲಿನ ಲೋಟ ಹಿಡಿದರೆ ಹಿಡಿದಿದ್ದೇನೆಂದು ಅವಳಿಗೆ ಗೊತ್ತಾಗುವುದಿಲ್ಲ. ಜಾರಿ ಬಿದ್ದ ಸದ್ದಾದ ಮೇಲೆಯೇ ಗೊತ್ತಾಗುವುದು. ಒಮ್ಮೆ ಬಿಸಿ ಕಾಫಿ ತೊಡೆಯ ಮೇಲೆ ಬಿದ್ದು ಬೊಕ್ಕೆ ಎದ್ದಿತ್ತು.

ನಾನು ಕಳೆದ ವರ್ಷ ಹೋದಾಗ ವೀಣಾ ಅವಳ ಮುಂದೆ ಒಂದು ಪ್ಲಾಸ್ಟಿಕ್ ಲೋಟ ತಂದಿಟ್ಟಳು. ಎರಡು ಕಿವಿಯಂಥ ಹಿಡಿಕೆ, ಮುಚ್ಚಳ, ಮುಚ್ಚಳಕ್ಕೊಂದು ಮೂತಿ. ಹೊಟ್ಟೆಯ ಮೇಲೆ ನಗುವ ಕರಡಿ.

"ನೋಡೇ ಕೂಸೆ," ಎಂದಳು ಚಿಕ್ಕಮ್ಮ, "ಈ ವಯಸ್ಸಿಗೆ ನಂಗೆ ಕರಡಿ ಲೋಟ. ಇನ್ನು ತೊಟ್ಟಿಲು ಕಟ್ಟೋದೊಂದು ಬಾಕಿ."

"ಕಟ್ಟಿಸ್ತೀನಿ ಬಿಡಿ ಅತ್ತೆ," ಎಂದಳು ವೀಣಾ, "ನೀವು ಮಧ್ಯಾಹ್ನ ಸುಮ್ನೆ ಮಲಗೋದಾದ್ರೆ."

ಇಬ್ಬರೂ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ವೀಣಾ ನನಗೊಂದು ಮಾತು ಹೇಳಿದಳು. ಚಿಕ್ಕಮ್ಮ ಈಗ ಜಗಲಿಯಲ್ಲಿ ಕೂರುವುದಿಲ್ಲವಂತೆ. ಮೂರು ಗಂಟೆಗೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು, ಒಂದು ಕೈಯಲ್ಲಿ ಕಾಫಿ ಹಿಡಿದು ಊರ ಸುದ್ದಿ ವಿಚಾರಿಸುವುದು ಅವಳ ನಲವತ್ತು ವರ್ಷದ ಅಭ್ಯಾಸ. ಈಗ ಯಾರಾದರೂ ಬಂದರೆ, "ನಾನು ಕಾಫಿ ಬಿಟ್ಟಿದ್ದೀನಿ, ನೀವು ಕುಡೀರಿ" ಎನ್ನುತ್ತಾಳಂತೆ. ಅವರು ಹೋದ ಮೇಲೆ ಒಳಗೆ, ಕರಡಿ ಲೋಟದಲ್ಲಿ, ಗೋಡೆಯ ಕಡೆ ಮುಖ ಮಾಡಿ ಕುಡಿಯುತ್ತಾಳಂತೆ.

ಗೋಡೆಯ ಕಡೆ ಮುಖ ಮಾಡಿ ಎಂಬುದು ನನಗೆ ತಡೆಯಲಿಲ್ಲ. ನಡುಮನೆಗೆ ಬಂದವಳೇ, "ಚಿಕ್ಕಮ್ಮ, ನಿಂಗೆ ಜಾರದ ಲೋಟ ನಾನು ಮಾಡ್ಕೊಡ್ತೀನಿ" ಎಂದುಬಿಟ್ಟೆ.

"ನೀನಾ?" ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಅಕ್ಕಿ ರೊಟ್ಟಿನೇ ಇವತ್ತಿನವರೆಗೆ ದುಂಡಗಾಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅವಳ ಹಳೆಯ ಕೈಗಳದ್ದೇ ಯೋಚನೆ. ಬೇಸಿಗೆ ರಜೆಗೆ ನಾವು ಅವಳ ಮನೆಗೆ ಹೋಗುತ್ತಿದ್ದೆವು. ಹಿತ್ತಿಲಲ್ಲಿ ಕೂತು ಬೂದಿ ಮತ್ತು ತೆಂಗಿನ ನಾರಿನ ಚಗರೆಯಿಂದ ಪಾತ್ರೆ ತಿಕ್ಕುವಾಗ ಆ ಬೂದಿಯ ತರಿ ಬೆರಳಿಗೆ ಹತ್ತುವ ಸದ್ದು ನನಗಿನ್ನೂ ಕೇಳುತ್ತದೆ. ಅವಳು ಕಣ್ಣು ಮುಚ್ಚಿ ಮೊರದಲ್ಲಿ ಕೈಯಾಡಿಸಿ ಅಕ್ಕಿಯೊಳಗಿನ ಕಲ್ಲು ಹೆಕ್ಕುತ್ತಿದ್ದಳು. ಮಕ್ಕಳಾದ ನಾವು ಬೇಕೆಂದೇ ಕಲ್ಲು ಬೆರೆಸಿ ಪಂಥ ಕಟ್ಟುತ್ತಿದ್ದೆವು. ಒಂದು ದಿನವೂ ಅವಳು ಸೋಲಲಿಲ್ಲ. ಅಂಥ ಬೆರಳುಗಳು ಈಗ ಏನನ್ನೂ ಅರಿಯವು ಎಂದು ನೆನೆದು ಕಣ್ಣು ತುಂಬಿತು. ಮನೆಗೆ ಬಂದವಳೇ ಫೋನು ಮಾಡಿ ಅದನ್ನು ಹೇಳಿಯೇ ಹೇಳಿದೆ.

"ಅದು ನಾನಲ್ಲ ಕೂಸೆ," ಎಂದಳು ಚಿಕ್ಕಮ್ಮ.

"ಮತ್ತೆ?"

"ನಿನ್ನಮ್ಮ. ಅಕ್ಕನ ಕೈ ಹಾಗಿತ್ತು. ನಾನು ಅಕ್ಕಿ ಆರಿಸಿದ ದಿನ ಎಲ್ಲರಿಗೂ ಹಲ್ಲಿಗೆ ಕಲ್ಲು ಸಿಕ್ಕೋದು. ನಿನ್ನ ಚಿಕ್ಕಪ್ಪನ ಒಂದು ಹಲ್ಲು ಹೋಗಿದ್ದೇ ಹಾಗೆ."

ಅಮ್ಮ ಹೋಗಿ ಬಹಳ ವರ್ಷಗಳಾದವು. ಅವಳ ಕೈಗಳನ್ನು ಯಾವಾಗ ನಾನು ಬಿಚ್ಚಿ ತೆಗೆದು ತಂಗಿಗೆ ಜೋಡಿಸಿದೆನೋ ಗೊತ್ತಿಲ್ಲ. ಅಟ್ಟದಿಂದ ಶಾಲೆಯ ದಿನಗಳ ನೋಟುಬುಕ್ಕು ಇಳಿಸಿ ಹುಡುಕಿದೆ. ಒಂದು ಬೇಸಿಗೆಯ ಪುಟದಲ್ಲಿ ಹೀಗಿತ್ತು: "ಚಿಕ್ಕಮ್ಮನ ಮನೆ. ಹಲಸಿನ ಹಪ್ಪಳ. ಹೊಟ್ಟೆನೋವು." ಮೂಲ ಆಕರ ಅಷ್ಟಕ್ಕೇ ಮುಗಿದಿತ್ತು. ಯಾರ ಕೈಗಾಗಿ ನಾನು ಲೋಟ ಮಾಡಹೊರಟಿದ್ದೇನೆ ಎಂದು ಒಂದೆರಡು ದಿನ ಗೊಂದಲವಾಯಿತು. ಆಮೇಲೆ ಅನ್ನಿಸಿತು: ನೆನಪಿನಲ್ಲಿರುವ ಕೈಗೆ ಲೋಟ ಬೇಕಿಲ್ಲ. ಗೋಡೆಯ ಕಡೆ ತಿರುಗಿ ಕೂತವಳಿಗೆ ಬೇಕು.

ಸರಿ, ಶುರುವಾಯಿತು. ಜಾರಬಾರದು, ಕೈಗೆ ಚುಚ್ಚಲೂಬಾರದು. ಒಳಗಡೆ ಮತ್ತು ತುಟಿ ತಾಗುವ ಅಂಚಿಗೆ ನಯವಾದ ಗ್ಲೇಜು, ಹೊರಮೈಗೆ ಮಾತ್ರ ಒರಟು. ಒಂದೊಂದು ಪಾಕಕ್ಕೆ ಒಂದೊಂದು ಬಿಲ್ಲೆ ಮಾಡಿ ನಂಬರು ಗೀಚಿದೆ. ಒಂದರಿಂದ ಹತ್ತರವರೆಗಿನವು ಗೂಡಿನಿಂದ ಹೊರಬರುವಾಗಲೇ ಹಪ್ಪಳದ ಚೂರಿನಂತೆ ಉದುರಿದವು. ಅಂಟಿಗೆ ಇರಲೆಂದು ಅನ್ನದ ಗಂಜಿ ಬೆರೆಸಿದೆ. ಮೂರನೆಯ ದಿನಕ್ಕೆ ಅದು ಹುಳಿತು ನಾರಿ, ಏನೋ ಸತ್ತಿದೆಯೆಂದು ಶ್ರೀಧರ ಶೆಡ್ಡಿನ ಹೆಂಚು ಸರಿಸಿ ಇಲಿ ಹುಡುಕಿದ. ಹದಿನೆಂಟರ ಹೊತ್ತಿಗೆ ಬೂದಿಯ ಯೋಚನೆ ಬಂತು. ಚಿಕ್ಕಮ್ಮನ ಮನೆಯ ಬಚ್ಚಲ ಒಲೆಗೆ ಉರಿಸುವುದು ಒಣಗಿದ ಅಡಿಕೆ ಸಿಪ್ಪೆ. ಅದರ ಬೂದಿ ಹಿಟ್ಟಿನಷ್ಟು ನುಣುಪು. ನಾಗರಾಜ ಕೊಪ್ಪಕ್ಕೆ ಬಂದಾಗ ಒಂದು ಬಕೆಟ್ ತಂದುಕೊಟ್ಟ. ನಾನು ಆ ಬಕೆಟ್ಟಿನಲ್ಲೇ ನೀರು ಸುರಿದು ಕಲಸಿದೆ.

ಒಂದು ಮಧ್ಯಾಹ್ನ ಗಟ್ಟಿ ಉಳಿದ ಬಿಲ್ಲೆಗಳನ್ನೆಲ್ಲ ಬೆತ್ತದ ಬುಟ್ಟಿಯಲ್ಲಿ ತುಂಬಿಕೊಂಡು ನರಸಿಂಹರಾಜಪುರಕ್ಕೆ ಹೋದೆ. ಕಣ್ಣು ಮುಚ್ಚಿ ಮುಟ್ಟಿ ನೋಡು ಎಂದೆ. ಚಿಕ್ಕಮ್ಮ ಶಿಸ್ತಾಗಿ ಕಣ್ಣು ಮುಚ್ಚಿದಳು. ಬೆರಳ ತುದಿಯಲ್ಲಿ ಸವರಿದಳು. ಒಂದಾಯಿತು, ಎರಡಾಯಿತು, ಹತ್ತಾಯಿತು. ಮುಖದಲ್ಲಿ ಏನೂ ಇಲ್ಲ. "ಎಲ್ಲಾ ಒಂದೇ ಕೂಸೆ," ಎಂದಳು. ನನ್ನ ಆರು ತಿಂಗಳ ಕೆಲಸ ಅವಳ ಬೆರಳಿಗೆ ಬರೀ ಗೋಡೆಯಾಗಿತ್ತು. ನಾನು ಬಿಲ್ಲೆಗಳನ್ನು ಬುಟ್ಟಿಗೆ ಎತ್ತಿ ಹಾಕುತ್ತಿದ್ದೆ. ಒಂದನ್ನು ಅವಳ ಕೈಯಿಂದ ತೆಗೆಯಹೋದಾಗ ಅದು ಜಾರಿ ಅವಳ ಅಂಗೈಯ ಬುಡಕ್ಕೆ, ಮಣಿಕಟ್ಟಿನ ಹತ್ತಿರಕ್ಕೆ ಉರುಳಿತು.

"ಇರು," ಎಂದಳು. "ಇದೆಂಥದು? ಕಪ್ಪೆ ಬೆನ್ನು."

ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಇನ್ನೊಂದನ್ನು ಅಲ್ಲೇ ಇಟ್ಟೆ.

"ಇದು ಹಲಸಿನಕಾಯಿ. ಎಳತು."

ಮತ್ತೊಂದು.

"ಇದು ನಿನ್ನ ಚಿಕ್ಕಪ್ಪ ಗಡ್ಡ ಬೋಳಿಸದ ದಿನ. ತೆಗಿ, ತೆಗಿ."

ವೀಣಾ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದಳು. ಬೆರಳು ಸತ್ತಿದ್ದರೂ ಅಂಗೈಯ ದಿಬ್ಬಗಳಲ್ಲಿ ಜೀವವಿದೆ ಎಂದು ಎರಡು ವರ್ಷದಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಲೋಟವನ್ನು ಬೆರಳಲ್ಲಿ ಹಿಡಿಯಬೇಕೆಂದೇ ಎಲ್ಲರೂ ಹಟ ಹಿಡಿದಿದ್ದೆವು. ಮೂವತ್ತೊಂದನೆಯದನ್ನು ಇಟ್ಟಾಗ ಚಿಕ್ಕಮ್ಮ ಏನೂ ಹೆಸರು ಕೊಡಲಿಲ್ಲ. ಇನ್ನೊಂದು ಅಂಗೈಯನ್ನೂ ಅದರ ಮೇಲೆ ಮುಚ್ಚಿ, ಎರಡರ ನಡುವೆ ಅದನ್ನು ಮೆಲ್ಲಗೆ ತಿರುಗಿಸುತ್ತಾ ಕೂತಳು.

"ಇದು ಗೊತ್ತಾಗ್ತದೆ," ಎಂದಳು ಕೊನೆಗೆ. "ಇದು ಕೈಯಲ್ಲಿದೆ ಅಂತ ಗೊತ್ತಾಗ್ತದೆ."

ಆ ದಿನ ಬಸ್ಸಿನಲ್ಲಿ ನಾನು ಹಾರಿಕೊಂಡೇ ಬಂದೆನೆನ್ನಬೇಕು. ಬುಟ್ಟಿಯಲ್ಲಿ ಬೆರೆತುಹೋದೀತೆಂದು ಮೂವತ್ತೊಂದನ್ನು ಬೇರೆಯಾಗಿ, ಬಹಳ ಜೋಪಾನವಾಗಿ ಇಟ್ಟುಕೊಂಡೆ. ಎಷ್ಟು ಜೋಪಾನ ಎಂಬುದು ನಿಮಗೆ ಗೊತ್ತೇ ಇದೆ.

ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ನಾಗರಾಜನ ಬೂದಿ ಮುಗಿದಿತ್ತು. ಬಕೆಟ್ ತೊಳೆದು ವಾಪಸು ಕಳಿಸಿದ್ದೆ. ಮತ್ತೊಮ್ಮೆ ಅದೇ ಒಲೆಯ, ಅದೇ ಸಿಪ್ಪೆಯ ಬೂದಿ ತರಿಸಿದೆ. ಈ ಸಲ ಅವನು ಪ್ಲಾಸ್ಟಿಕ್ ಚೀಲದಲ್ಲಿ ತಂದ. ಅದೇ ತೂಕ, ಅದೇ ಪಾಕ. ಗೂಡು ತೆರೆದರೆ ನಯವಾದ, ಸಭ್ಯವಾದ, ಹಾಲಿನ ಕೆನೆಯಂಥ ಗ್ಲೇಜು. ಒಂದು ಗುಳ್ಳೆಯಿಲ್ಲ! ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಮತ್ತೆ ಮಾಡಿದೆ, ಮತ್ತೆ ನಯ. ದಿನಚರಿ ತೆಗೆದರೆ, "೩೧. ಬೂದಿ: ನಾಗರಾಜ ತಂದದ್ದು" ಎಂಬ ಒಂದೇ ಸಾಲು. ಬಣ್ಣದ ಸುದ್ದಿಯೇ ಇಲ್ಲ. ಆಕರಗಳ ಬಗ್ಗೆ ಭಾಷಣ ಬಿಗಿಯುವವಳು ಬರೆದಿಟ್ಟ ಆಕರ ಅದು. ಚಿಕ್ಕಮ್ಮ ಫೋನಿನಲ್ಲಿ ಲೋಟದ ವಿಷಯ ಎತ್ತುವುದನ್ನೇ ಬಿಟ್ಟಳು. ಅವಳು ಕೇಳುತ್ತಿದ್ದರೆ ವಾಸಿಯಿತ್ತು.

ಇಲ್ಲಿಗೆ ಶೃಂಗೇರಿಯ ಪರೀಕ್ಷೆಯ ಕೋಣೆಗೆ ಬಂದೆವು.

ಹಸಿರು. ಮುಷ್ಟಿಯೊಳಗೆ ಬಿಲ್ಲೆ ತಿರುಗಿಸುತ್ತಾ ನಾನು ಸಾಲುಗಳ ನಡುವೆ ಅಡ್ಡಾಡಿದೆ. ಬೂದಿಯಿಂದ ಮಾಡಿದ್ದು ಬೂದು ಬಣ್ಣವೇ ಇರಬೇಕೆಂದು ತರ್ಕಿಸಿ, ಆ ತರ್ಕಕ್ಕೆ ನೆನಪು ಎಂದು ಹೆಸರಿಟ್ಟುಕೊಂಡಿದ್ದೆ. ಚಿಕ್ಕಮ್ಮ ಆರಿಸಿದ್ದು ಕಣ್ಣು ಮುಚ್ಚಿ. ನಾನು ನೋಡುತ್ತಿದ್ದದ್ದು ಅವಳ ಮುಖ. ಬಣ್ಣ ನೋಡಿದವರು ಯಾರು? ಸರಿ, ಹಸಿರು ಎಲ್ಲಿಂದ ಬಂತು? ಗ್ಲೇಜಿನಲ್ಲಿ ಹಸಿರೆಂದರೆ ತಾಮ್ರ. ನಾನು ತಾಮ್ರ ಹಾಕಿಯೇ ಇಲ್ಲ. ಬೂದಿಯಲ್ಲಿ ತಾಮ್ರ ಇರಲಾರದು, ಇದ್ದರೆ ಎರಡನೆಯ ಸಲವೂ ಬರಬೇಕಿತ್ತು. ನಮ್ಮ ಕಡೆ ತಾಮ್ರ ಇನ್ನೆಲ್ಲಿ ಇರುತ್ತದೆ? ಪೂಜೆಯ ತಂಬಿಗೆಯಲ್ಲಿ. ಮತ್ತೆ? ಮತ್ತೆ... ಮೈಲುತುತ್ತದಲ್ಲಿ!

ಗೋಡೆಯ ಗಡಿಯಾರ ನೋಡಿದೆ. ಇನ್ನೂ ಒಂದು ಗಂಟೆ ಹತ್ತು ನಿಮಿಷ. ನನ್ನ ಜೀವನದಲ್ಲಿ ಅಷ್ಟು ಉದ್ದದ ಒಂದು ಗಂಟೆ ಹತ್ತು ನಿಮಿಷವನ್ನು ಕಂಡಿಲ್ಲ. ಗಂಟೆ ಹೊಡೆದದ್ದೇ ಉತ್ತರಪತ್ರಿಕೆಗಳನ್ನು ಕಿತ್ತುಕೊಂಡಂತೆ ಸಂಗ್ರಹಿಸಿ ಓಡಿದೆ. ಹಿಂದಿನಿಂದ ಮೂರನೆಯ ಬೆಂಚಿನ ಹುಡುಗಿ ಗೆಳತಿಗೆ, "ಆ ಮೇಡಂ ಅಷ್ಟು ಹೊತ್ತು ಜಪ ಮಾಡ್ತಿದ್ರು ಕಣೇ" ಎಂದದ್ದು ಕೇಳಿಸಿತು. ಅಂಗಳದಲ್ಲಿ ನಿಂತು ನಾಗರಾಜನಿಗೆ ಫೋನು ಹಚ್ಚಿದೆ.

"ನಾಗಾ, ಮೊದಲನೇ ಸಲ ಬೂದಿ ತಂದ್ಯಲ್ಲ, ಅದು ಎಂಥ ಬಕೆಟ್ಟು?"

"ಎಂಥ ಬಕೆಟ್ಟು ಅಂದ್ರೆ? ಬಕೆಟ್ಟು ಸುಮಕ್ಕ."

"ತೋಟದ್ದಾ, ಬಚ್ಚಲದ್ದಾ?"

ತಪ್ಪು ಸಿಕ್ಕಿಬಿದ್ದವನ ದನಿ ಸಣ್ಣದಾಯಿತು. "ಔಷಧಿ ಕಲಸೋದು. ಆದ್ರೆ ತೊಳ್ದೇ ತಂದಿದ್ದೆ ಅಕ್ಕಾ, ದೇವರಾಣೆ."

"ಸರಿಯಾಗಿ ತೊಳೆದಿದ್ಯಾ?"

"ತೊಳ್ದಿದ್ದೆ ಅಂದ್ರೆ... ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿದ್ದೆ. ಎಂತಾಯ್ತು ಈಗ?"

"ನಿಂಗೆ ಹೋಳಿಗೆ ಮಾಡಿ ಹಾಕ್ತೀನಿ ಮಾರಾಯ!" ಎಂದು ಕಿರುಚಿದೆ.

ಅಡಿಕೆ ಬೆಳೆಯುವವರಿಗೆ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕೊಳೆ ರೋಗ ಬರದಿರಲೆಂದು ಗೊನೆಗಳಿಗೆ ಹೊಡೆಯುವ ಔಷಧಿ ಅಂದರೆ ಮೈಲುತುತ್ತ ಮತ್ತು ಸುಣ್ಣ. ವರ್ಷಗಟ್ಟಲೆ ಕಲಸಿದ ಬಕೆಟ್ಟಿನ ಒಳಮೈಗೆ ಅದು ತಿಳಿನೀಲಿ ಪದರವಾಗಿ ಕಚ್ಚಿರುತ್ತದೆ. ನನ್ನ ನೀರು ಬಿದ್ದು ಅದು ಬಿಟ್ಟುಕೊಂಡಿದೆ. ನಾನು ಕೋಲು ಹಾಕಿ ಚೆನ್ನಾಗಿ ಕೆರೆದೂ ಇದ್ದೇನೆ. ಬೇರೆ ಊರಿನ ಕುಂಬಾರರಿಗೆ ಇಂಥ ತಪ್ಪು ಮಾಡಬೇಕೆಂದರೂ ಆಗದು.

ಮನೆಗೆ ಬಂದು ಮೂರು ಪಾಕ ಮಾಡಿದೆ. ಒಂದಕ್ಕೆ ಮೈಲುತುತ್ತ, ಒಂದಕ್ಕೆ ಸುಣ್ಣ, ಒಂದಕ್ಕೆ ಎರಡೂ. ಸುಣ್ಣ ಬಿದ್ದ ಗ್ಲೇಜು ನೋಡನೋಡುತ್ತಲೇ ಮೊಸರಿನಂತೆ ಹೆಪ್ಪಾಯಿತು! ದಪ್ಪವಾಗಿ ಕೂತು, ಒಣಗುವಾಗ ಬೇಸಿಗೆಯ ಗದ್ದೆಯಂತೆ ಬಿರಿಯಿತು. ಬಿರಿದ ಚೂರುಗಳು ಬೆಂಕಿಯಲ್ಲಿ ಮುದುರಿ ಮುದುರಿ ಸಾಸಿವೆ ಗಾತ್ರದ ಗುಳ್ಳೆಗಳಾದವು. ಅಲ್ಲಿಗೆ ಗುಟ್ಟು ಸುಣ್ಣದ್ದು. ಮೈಲುತುತ್ತದ್ದು ಬಣ್ಣ ಮಾತ್ರ. ಕುಡಿಯುವ ಲೋಟಕ್ಕೆ ಅದು ಬೇಡವೆಂದು ಬಿಟ್ಟೆ. ಹಸಿರು ಸುಂದರವಾಗಿತ್ತು ಎಂದು ಫೋನಿನಲ್ಲಿ ಹೇಳಿದರೆ ಚಿಕ್ಕಮ್ಮ, "ಔಷಧಿ ಹೊಡೆಯೋದು ಅಡಿಕೆಗೆ. ನಂಗೆ ಕೊಳೆ ಬಂದಿಲ್ಲ ಇನ್ನೂ" ಎಂದಳು. ಬಹಳ ದಿನದ ಮೇಲೆ ಅವಳು ಲೋಟದ ಮಾತಿಗೆ ಮಾತು ಸೇರಿಸಿದ್ದು.

ಆರು ಲೋಟ ಮಾಡಿದೆ. ಹಿಡಿಕೆಯಿಲ್ಲದ್ದು, ಎರಡು ಅಂಗೈ ನಡುವೆ ಕೂರುವಂತೆ ನಡು ಸ್ವಲ್ಪ ಒಳಗೆ ಹೋದದ್ದು, ಗೋಡೆ ದಪ್ಪ. ಮೂರು ಲೋಟ ಗೂಡಿನ ಹಲಗೆಗೇ ಅಂಟಿದವು, ಒಂದು ಸೀಳಿತು, ಒಂದು ಸೊಟ್ಟ. ಆರನೆಯದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಳೆದ ಭಾನುವಾರ ಊಟದ ಹೊತ್ತು ಮುಗಿದ ಮೇಲೆ ಚಿಕ್ಕಮ್ಮನ ಮನೆ ಮುಟ್ಟಿದೆ.

ವೀಣಾ ಲೋಟವನ್ನು ತಿರುಗಿಸಿ ನೋಡಿ, "ಇದನ್ನ ತೊಳೆಯೋದು ಹೇಗೆ ಅತ್ತಿಗೆ? ಸಂದಿಯಲ್ಲೆಲ್ಲ ಕಾಫಿ ಕೂರ್ತದಲ್ಲ" ಎಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕೆಂದು ಅವಳೇ ತೀರ್ಮಾನಿಸಿ ಒಳಗೆ ಹೋಗಿ ಅದರಲ್ಲೇ ಅರ್ಧ ಲೋಟ ಕಾಫಿ ತಂದಳು. ನಾಗರಾಜ ಟವೆಲ್ಲು ಹಿಡಿದು ನಿಂತ. ವೀಣಾ ಒಂದು ಪಕ್ಕ, ನಾನು ಇನ್ನೊಂದು ಪಕ್ಕ, ಕೈ ಚಾಚಿ ಕ್ರಿಕೆಟ್ಟಿನಲ್ಲಿ ಕ್ಯಾಚಿಗೆ ಕಾಯುವವರ ಹಾಗೆ ಬಗ್ಗಿ ನಿಂತೆವು. ಚಿಕ್ಕಮ್ಮ ಎರಡೂ ಅಂಗೈಯನ್ನು ಲೋಟದ ನಡುವಿಗೆ ಒತ್ತಿದಳು. ಸ್ವಲ್ಪ ತಿರುಗಿಸಿದಳು. ಗುಳ್ಳೆಗಳು ಕೈಗೆ ಸಿಕ್ಕುವವರೆಗೆ ಕಾದಳೆಂದು ತೋರುತ್ತದೆ. ಎತ್ತಿದಳು. ಲೋಟ ಅವಳ ತುಟಿಗೆ ಹೋಯಿತು. ಒಂದು ಗುಟುಕು. ಮತ್ತೆ ಲೋಟ ಕೆಳಗೆ ಬಂದು ಸದ್ದಿಲ್ಲದೆ ಮೇಜಿನ ಮೇಲೆ ಕೂತಿತು.

ನಾವು ಮೂವರೂ ಅವಳ ಮುಖ ನೋಡಿದೆವು. ಅವಳು ಮುಖ ಸಿಂಡರಿಸಿದ್ದಳು.

"ಇದೆಂಥ ಕಾಫಿಯೇ?" ಎಂದಳು.

"ಯಾಕತ್ತೆ?"

"ಎರಡು ವರ್ಷದಿಂದ ಈ ಉಗುರು ಬೆಚ್ಚಗಿನ ತೊಳೆದ ನೀರು ಕುಡೀತಿದ್ದೀನಿ. ಕೈಯಲ್ಲಿ ಹಿಡಿಯಕ್ಕಾಗಲ್ಲ, ಎಂತ ಹೇಳೋದು ಅಂತ ಬಾಯಿ ಮುಚ್ಕೊಂಡಿದ್ದೆ. ತಗೊಂಡು ಹೋಗಿ ಕುದಿಸ್ಕೊಂಡು ಬಾ. ಲೋಟ ತುಂಬ ತಾ, ಅರ್ಧ ಎಂತಕ್ಕೆ? ನಾಗಾ, ನನ್ನ ಕುರ್ಚಿ ಜಗಲಿಗೆ ಹಾಕು."

ವೀಣಾ ನನ್ನ ಮುಖ ನೋಡಿದಳು. ಬೊಕ್ಕೆ ಎದ್ದ ದಿನ ಇಬ್ಬರಿಗೂ ನೆನಪಾಗಿರಬೇಕು. ಲೋಟದ ಗೋಡೆ ದಪ್ಪವಿದೆ, ಗುಳ್ಳೆಗಳ ತುದಿ ಮಾತ್ರ ಕೈಗೆ ತಾಗುವುದರಿಂದ ಸುಡುವುದು ಕಡಿಮೆ ಎಂದು ನಾನು ಹೇಳಿದೆ. ಅವಳಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ. ಅವಳು ತಲೆಯಾಡಿಸಿ ಒಳಗೆ ಹೋದಳು.

ಮೂರು ಗಂಟೆ. ಚಿಕ್ಕಮ್ಮ ಜಗಲಿಯ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಹೊಗೆಯಾಡುವ ಲೋಟ ಬಂತು. ಅವಳು ಅಂಗೈ ಒತ್ತಿ ಎತ್ತಿದಳು. ನಾನು ಪಕ್ಕದ ಕಟ್ಟೆಯ ಮೇಲೆ ಕೂತು ಎರಡೂ ಕೈಯನ್ನು ಲೋಟದ ಅಡಿಗೆ ಚಾಚಿದ್ದೆ. ರಸ್ತೆಯಲ್ಲಿ ಸಂಚಿ ಹಿಡಿದು ಹೋಗುತ್ತಿದ್ದ ಹೆಂಗಸರಿಬ್ಬರು ಕತ್ತೆತ್ತಿ ನೋಡಿದರು.

"ಕೈ ತೆಗಿಯೇ," ಎಂದಳು ಚಿಕ್ಕಮ್ಮ ಹಲ್ಲು ಕಚ್ಚಿ, ಅವರ ಕಡೆ ನಗುತ್ತಲೇ. "ನೋಡಿದವರು ಎಂತ ಅಂದ್ಕೋತಾರೆ?"

ತೆಗೆದೆ. ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ತೊಡೆಯ ಅಡಿಗೆ ಸೇರಿಸಿ ಅದರ ಮೇಲೇ ಕೂತೆ. ಅವಳು ಲೋಟದ ಬಾಯಿಗೆ ಒಮ್ಮೆ ಊದಿದಳು, ಇನ್ನೊಮ್ಮೆ ಊದಿದಳು, ಆಮೇಲೆ ರಸ್ತೆಯ ಕಡೆ ಮುಖ ಮಾಡಿ ಕುಡಿದಳು.